ಗೋಡೆಬದಿಯ ಒಂದಡಿ ಅಗಲದಲ್ಲಿ ರೈಲ್ವೆ: ಸಣ್ಣ ಜಾಗಕ್ಕೆ ಮಾಡೆಲ್ ಲೇಔಟ್ ರೂಪಿಸುವ ಬಗೆ

8×4 ಅಡಿಯ ಪ್ಲೈವುಡ್ ಹಾಳೆಯೊಂದನ್ನು ತಂದು, ಅದರ ಅಂಚಿನುದ್ದಕ್ಕೂ ಮೊಟ್ಟೆಯಾಕಾರದಲ್ಲಿ ಹಳಿ ಜೋಡಿಸುವುದು ಮಾಡೆಲ್ ರೈಲ್ವೆಗೆ, ಅಂದರೆ ರೈಲನ್ನೂ ಹಳಿಯನ್ನೂ ಚಿಕ್ಕ ಅಳತೆಯಲ್ಲಿ ಕಟ್ಟಿ ಓಡಿಸುವ ಹವ್ಯಾಸಕ್ಕೆ, ಕೈಹಾಕುವ ಹೆಚ್ಚಿನವರ ಮೊದಲ ಯೋಚನೆ. 10×12 ಅಡಿಯ ಕೋಣೆಯಲ್ಲಿ ಇದು ಎರಡು ಕಡೆ ಎಡವುತ್ತದೆ. ನಮ್ಮ ಕೈ ಆರಾಮವಾಗಿ ಎಟುಕುವುದು ಸುಮಾರು 60 ಸೆಂಮೀ, ಬಗ್ಗಿ ಚಾಚಿದರೆ 75. ನಾಲ್ಕಡಿ ಅಗಲದ ಹಾಳೆಯ ಆಚೆ ಬದಿಯಲ್ಲಿ ಹಳಿ ತಪ್ಪಿದ ಡಬ್ಬಿಯನ್ನು ಎತ್ತಿಡಲು ಆ ಕಡೆಗೂ ಹೋಗಲೇಬೇಕು. ಅಂದರೆ ಅಲ್ಲೂ ಓಡಾಡಲು ಎರಡಡಿ ಬಿಡಬೇಕು, ಕೋಣೆಯಲ್ಲಿ ಮಂಚಕ್ಕೆ ಜಾಗ ಉಳಿಯುವುದಿಲ್ಲ. ಎರಡನೆಯದು ಇನ್ನೂ ದೊಡ್ಡ ಕೊರತೆ: ರೈಲು ಸುತ್ತುತ್ತಲೇ ಇರುತ್ತದೆ, ಮಾಡಲು ಬೇರೆ ಕೆಲಸವಿಲ್ಲ. ಒಂದೇ ವಾರದಲ್ಲಿ ನೋಡುವ ಉತ್ಸಾಹ ಇಳಿದುಬಿಡುತ್ತದೆ.

ಅದೇ ಹಾಳೆಯನ್ನು ಉದ್ದಕ್ಕೆ ಸೀಳಿದರೆ ಒಂದಡಿ ಅಗಲದ ನಾಲ್ಕು ಪಟ್ಟಿ ಸಿಗುತ್ತವೆ, ಒಟ್ಟು 32 ಅಡಿ ಉದ್ದ. ಅದರಲ್ಲಿ ಆರಡಿಗೂ ಕಡಿಮೆ ಸಾಕು, ವರ್ಷಗಟ್ಟಲೆ ಕೈಗೂ ತಲೆಗೂ ಕೆಲಸ ಕೊಡುವ ಲೇಔಟ್ (ಹಲಗೆಯ ಮೇಲಿನ ಹಳಿ, ಕಟ್ಟಡ, ನೆಲ ಎಲ್ಲ ಸೇರಿದ ಮಾದರಿ) ಕಟ್ಟಬಹುದು. ಅದಕ್ಕೆ ಒಂದು ಶರತ್ತು ಇದೆ. ಹಳಿಯ ನಕ್ಷೆ ಬರೆಯುವ ಮೊದಲು ರೈಲಿನ ಉದ್ದವನ್ನು ತೀರ್ಮಾನಿಸಬೇಕು. ಸಣ್ಣ ಜಾಗದಲ್ಲಿ ಉಳಿದೆಲ್ಲ ಅಳತೆಗಳೂ ಆ ಒಂದು ಅಳತೆಯಿಂದಲೇ ಹುಟ್ಟುತ್ತವೆ.

ಸ್ಕೇಲ್, ಗೇಜ್, ತಿರುವು

ನಿಜವಾದ ರೈಲಿಗಿಂತ ಮಾಡೆಲ್ ಎಷ್ಟು ಪಟ್ಟು ಚಿಕ್ಕದು ಎಂಬುದೇ ಸ್ಕೇಲ್, ಎರಡು ಹಳಿಗಳ ನಡುವಿನ ಅಂತರವೇ ಗೇಜ್. ಹೆಚ್ಚು ಬಳಕೆಯಲ್ಲಿರುವ ಸ್ಕೇಲ್‌ಗಳು ಎರಡು. ಎಚ್‌ಒ ಅಂದರೆ 1:87, ಹಳಿಗಳ ನಡುವಿನ ಅಂತರ 16.5 ಮಿಮೀ. ಎನ್ ಅಂದರೆ 1:160, ಅಂತರ 9 ಮಿಮೀ. ಜಾಗ ಕಡಿಮೆ ಎಂದ ಕೂಡಲೇ ಎನ್ ಕಡೆ ಓಡಬೇಕಿಲ್ಲ. ಮೊದಲು ನೀವು ಓಡಿಸಬೇಕೆಂದಿರುವ ವಾಹನದ ಉದ್ದ ನೋಡಿ. ನಮ್ಮ ಹಳೆಯ ನಮೂನೆಯ ಐಸಿಎಫ್ ಪ್ರಯಾಣಿಕರ ಬೋಗಿ ಸುಮಾರು 21.3 ಮೀಟರ್. ಎಚ್‌ಒ ಸ್ಕೇಲ್‌ನಲ್ಲಿ ಅದು 245 ಮಿಮೀ, ಎನ್‌ನಲ್ಲಿ 133 ಮಿಮೀ. ಹೊಸ ನಮೂನೆಯ ಎಲ್‌ಎಚ್‌ಬಿ ಬೋಗಿ 23.5 ಮೀಟರ್‌ನದ್ದು, ಎಚ್‌ಒದಲ್ಲಿ 270 ಮಿಮೀ ಆಗುತ್ತದೆ.

ತಿರುವಿನ ತ್ರಿಜ್ಯಕ್ಕೆ ಹವ್ಯಾಸಿಗಳು ಬಹುಕಾಲದಿಂದ ಬಳಸುತ್ತಿರುವ ಲೆಕ್ಕವೊಂದಿದೆ. ಅತಿ ಉದ್ದದ ವಾಹನದ ಎರಡೂವರೆ ಪಟ್ಟು ತ್ರಿಜ್ಯ ಇದ್ದರೆ ಬಹುತೇಕ ಡಬ್ಬಿಗಳು ಹಳಿ ಬಿಡದೆ ಓಡುತ್ತವೆ. ಮೂರು ಪಟ್ಟಿದ್ದರೆ ಕಣ್ಣಿಗೂ ಒಪ್ಪುತ್ತದೆ. ತಿರುವಿನ ಮೇಲೆಯೇ ಡಬ್ಬಿಗಳು ತಾವಾಗಿ ಕೊಂಡಿ ಹಾಕಿಕೊಳ್ಳಬೇಕೆಂದರೆ ಐದು ಪಟ್ಟು ಬೇಕು. ಐಸಿಎಫ್ ಬೋಗಿಯನ್ನು ಎಚ್‌ಒದಲ್ಲಿ ಚಂದವಾಗಿ ತಿರುಗಿಸಲು ಮೂರು ಪಟ್ಟಿನ ಲೆಕ್ಕದಂತೆ 735 ಮಿಮೀ ತ್ರಿಜ್ಯ ಬೇಕು. ಅಂಚು ಸೇರಿದರೆ ಮೇಜಿನ ಅಗಲ 1.6 ಮೀಟರ್. ಎನ್‌ನಲ್ಲಿ ತ್ರಿಜ್ಯ 400 ಮಿಮೀ, ಮೇಜು ಸುಮಾರು 90 ಸೆಂಮೀ. ಪೆಟ್ಟಿಗೆಯ ಸೆಟ್‌ಗಳಲ್ಲಿ ಬರುವ 438 ಅಥವಾ 457 ಮಿಮೀ ತ್ರಿಜ್ಯದ ಹಳಿಯ ಮೇಲೆ ಉದ್ದ ಬೋಗಿ ಓಡಿದರೆ ಅದರ ನಡುಭಾಗ ಹಳಿಯಿಂದ ಒಳಕ್ಕೆ ಜೋತು, ತುದಿಗಳು ಹೊರಕ್ಕೆ ಚಾಚುತ್ತವೆ. ಪಕ್ಕದ ಹಳಿಯ ಡಬ್ಬಿಗೆ ಉಜ್ಜುವುದು ಆಗಲೇ.

ಗೋಡೆಬದಿಯ ನೇರ ಲೇಔಟ್‌ಗೆ ಈ ಚಿಂತೆಯೇ ಇಲ್ಲ. ತಿರುವೇ ಇಲ್ಲದ ಮೇಲೆ ತ್ರಿಜ್ಯವೆಲ್ಲಿ? ಅದಕ್ಕೇ ಒಂದಡಿ ಅಗಲದ ಪಟ್ಟಿಯಲ್ಲಿ ಎಚ್‌ಒ ನೆಮ್ಮದಿಯಾಗಿ ಕೂರುತ್ತದೆ.

ಭಾರತೀಯ ರೈಲ್ವೆಯನ್ನೇ ಮಾಡಹೊರಟವರು ಗೇಜಿನ ಒಂದು ತೊಡಕನ್ನು ತಿಳಿದಿರಬೇಕು. ನಮ್ಮ ಬ್ರಾಡ್‌ಗೇಜ್ 1676 ಮಿಮೀ. 1:87ರಲ್ಲಿ ಅದು 19.3 ಮಿಮೀ ಆಗಬೇಕು, ಆದರೆ ಮಾರುಕಟ್ಟೆಯಲ್ಲಿ ಸಿಗುವ ಎಚ್‌ಒ ಹಳಿ 16.5. ಎದುರಿನಿಂದ ನೋಡಿದಾಗ ಡಬ್ಬಿಯ ಕೆಳಗೆ ಗಾಲಿಗಳು ಕೊಂಚ ಒಳಕ್ಕೆ ಸರಿದಂತೆ ಕಾಣುತ್ತವೆ. ಬಹುಪಾಲು ಹವ್ಯಾಸಿಗಳು ಇದನ್ನು ಒಪ್ಪಿಕೊಂಡು ಮುಂದುವರಿಯುತ್ತಾರೆ, ಅದೇ ವಿವೇಕ. ಹಳಿಯನ್ನು ಕೈಯಾರೆ ಕಟ್ಟಲು ಹೊರಟರೆ ಪ್ರತಿ ಪಾಯಿಂಟ್‌ಗೂ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ) ವಾರಗಳು ಬೇಕು, ಪ್ರತಿ ಗಾಲಿಜೋಡಿಯನ್ನೂ ಬದಲಿಸಬೇಕು.

ನ್ಯಾರೋಗೇಜ್‌ನ ಲೆಕ್ಕ ಮಾತ್ರ ತಾನಾಗಿಯೇ ಕೂಡಿಬರುತ್ತದೆ. 762 ಮಿಮೀ ಗೇಜ್ 1:87ರಲ್ಲಿ 8.8 ಮಿಮೀ, ಎನ್ ಹಳಿಯ 9 ಮಿಮೀಗೆ ಹೆಚ್ಚುಕಮ್ಮಿ ಸರಿಸಮ. ಹಿಂದೆ ಬಂಗಾರಪೇಟೆಯಿಂದ ಕೋಲಾರ, ಚಿಕ್ಕಬಳ್ಳಾಪುರ, ನಂದಿ ಹಾಲ್ಟ್ ದಾಟಿ ಯಲಹಂಕಕ್ಕೆ ಹೋಗುತ್ತಿದ್ದ ಸಣ್ಣ ರೈಲು ಇದೇ ಗೇಜಿನದ್ದು. ಎಚ್‌ಒ ಅಳತೆಯ ಮನುಷ್ಯರು, ಕಟ್ಟಡಗಳು, ಮರಗಳು, ಅವುಗಳ ನಡುವೆ ಎನ್ ಎಂಜಿನ್‌ನ ಚಾಸಿಗಳ ಮೇಲೆ ಕಟ್ಟಿದ ಪುಟ್ಟ ರೈಲು. ತಿರುವಿಗೆ 225–250 ಮಿಮೀ ತ್ರಿಜ್ಯ ಸಾಕು. ಸುತ್ತುವ ರೈಲೇ ಬೇಕು, ಆದರೆ ಜಾಗ ಎರಡೂವರೆ ಅಡಿ ಮಾತ್ರ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಂದೇ ಡಬ್ಬಿಯ ರೈಲು ಸಾಕೆನ್ನುವವರಿಗೆ ಶಿವಮೊಗ್ಗ–ತಾಳಗುಪ್ಪ ನಡುವೆ ಮೀಟರ್‌ಗೇಜ್ ಕಾಲದಲ್ಲಿ ಓಡಿದ ರೈಲುಬಸ್ಸು ಇದೆ. ಅದಕ್ಕೆ ಬೇಕಾದ ಪ್ಲಾಟ್‌ಫಾರ್ಮ್ ಒಂದು ಗೇಣಿಗಿಂತ ತುಸು ಹೆಚ್ಚು.

ಮೇಲ್ಸೇತುವೆಯ ಆಸೆ ಬಿಡಿ

ಒಂದು ಹಳಿ ಇನ್ನೊಂದರ ಮೇಲೆ ಹಾಯಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಎಚ್‌ಒದಲ್ಲಿ ಕೆಳಗಿನ ಹಳಿಯ ತಲೆಯಿಂದ ಮೇಲಿನ ಹಳಿಯ ತಲೆಗೆ ಕನಿಷ್ಠ 75 ಮಿಮೀ ಎತ್ತರ ಬೇಕು. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಏರು 50ಕ್ಕೆ 1. ಅಷ್ಟೇ ಏರನ್ನು ಲೇಔಟ್‌ನಲ್ಲಿ ಇಟ್ಟರೆ 75 ಮಿಮೀ ಏರಲು 3.75 ಮೀಟರ್ ಹಳಿ ಬೇಕು, ಇಳಿಯಲು ಮತ್ತೆ ಅಷ್ಟೇ. 8×4 ಅಡಿಯ ಹಾಳೆಯ ಮೇಲಿನ ಇಡೀ ಸುತ್ತು 5.7 ಮೀಟರ್ ಆಸುಪಾಸು. ಹಾಗಾಗಿ ಹಿಡಿಸುವುದೇ ಇಲ್ಲ. 25ಕ್ಕೆ 1 ಮಾಡಿದರೆ ಹಿಡಿಸುತ್ತದೆ, ಆದರೆ ಸಣ್ಣ ಎಂಜಿನ್ ಮೂರು–ನಾಲ್ಕು ಡಬ್ಬಿ ಎಳೆಯುವಷ್ಟರಲ್ಲಿ ಗಾಲಿ ಜಾರತೊಡಗುತ್ತದೆ, ಏರು ಶುರುವಾಗುವ ಮೂಲೆಯಲ್ಲಿ ಕೊಂಡಿಗಳು ಮೇಲೆಕೆಳಗಾಗಿ ಕಳಚುತ್ತವೆ. ಎತ್ತರದ ವ್ಯತ್ಯಾಸ ಬೇಕೆನಿಸಿದರೆ ಹಳಿಯನ್ನು ಸಮವಾಗಿಯೇ ಇಟ್ಟು ನೆಲವನ್ನು ಏರಿಳಿಸಿ. ಮುಂಬದಿಯಲ್ಲಿ 30–40 ಮಿಮೀ ಇಳಿದ ಒಂದು ಹಳ್ಳ, ಹಿಂಬದಿಯಲ್ಲಿ ಒಂದು ದಿಣ್ಣೆ ಇದ್ದರೆ ಹಳಿ ದಂಡೆಯ ಮೇಲೆ ಹೋಗುವಂತೆ ಕಾಣುತ್ತದೆ.

5-3-3: ಇಡೀ ಲೇಔಟ್‌ನ ಅಳತೆ

ಸಣ್ಣ ಜಾಗಕ್ಕೆಂದೇ ಹುಟ್ಟಿದ ಅತ್ಯುತ್ತಮ ನಕ್ಷೆ ಬ್ರಿಟನ್ನಿನ ಅಲನ್ ರೈಟ್ ರೂಪಿಸಿದ ಇಂಗಲ್‌ನುಕ್ ಸೈಡಿಂಗ್ಸ್. ಎರಡೇ ಪಾಯಿಂಟ್, ಮೂರು ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ), ಒಂದು ಶಂಟಿಂಗ್ ನೆಕ್ (ವ್ಯಾಗನ್‌ಗಳನ್ನು ಹಿಂದೆಮುಂದೆ ಮಾಡಿ ಜೋಡಿಸಲು ಎಂಜಿನ್ ಹೋಗಿ ಬರುವ ತುದಿಯ ಹಳಿ). ಉದ್ದದ ಸೈಡಿಂಗ್‌ನಲ್ಲಿ ಐದು ವ್ಯಾಗನ್, ಉಳಿದೆರಡರಲ್ಲಿ ಮೂರು ಮೂರು ಹಿಡಿಸಬೇಕು. ಶಂಟಿಂಗ್ ನೆಕ್‌ನಲ್ಲಿ ಎಂಜಿನ್ ಜೊತೆಗೆ ಮೂರೇ ವ್ಯಾಗನ್. ಲೇಔಟ್ ಮೇಲೆ ಎಂಟು ವ್ಯಾಗನ್ ಇರುತ್ತವೆ. ಎಂಟು ಚೀಟಿಗಳನ್ನು ಕಲಸಿ ಐದನ್ನು ಎತ್ತಿ, ಅದೇ ಕ್ರಮದಲ್ಲಿ ಉದ್ದದ ಸೈಡಿಂಗ್‌ನಲ್ಲಿ ರೈಲು ಜೋಡಿಸುವುದು ಆಟ. ಹೀಗೆ ಬರಬಹುದಾದ ಕ್ರಮಗಳು 8×7×6×5×4, ಅಂದರೆ 6720. ಬೇಸರವಾಗುವ ಮೊದಲು ಲೇಔಟ್ ಹಳತಾಗುತ್ತದೆ.

ಇದನ್ನು ಎಚ್‌ಒದಲ್ಲಿ ಅಳೆಯೋಣ. ನಾಲ್ಕು ಗಾಲಿಯ ವ್ಯಾಗನ್ ಕೊಂಡಿ ಸೇರಿ 100 ಮಿಮೀ ಎಂದಿಟ್ಟುಕೊಳ್ಳಿ. ಡಬ್ಲ್ಯೂಡಿಎಂ-2 ಡೀಸೆಲ್ ಎಂಜಿನ್ ಸುಮಾರು 17 ಮೀಟರ್ ಉದ್ದದ್ದು, ಮಾಡೆಲ್‌ನಲ್ಲಿ ಕೊಂಡಿ ಸೇರಿ 210 ಮಿಮೀ. ಶಂಟಿಂಗ್ ನೆಕ್‌ಗೆ 210 ಮತ್ತು 300, ಜೊತೆಗೆ 20 ಮಿಮೀ ಸಡಿಲ, ಒಟ್ಟು 530. ಪೆಕೊ ಕಂಪನಿಯ ಸ್ಟ್ರೀಮ್‌ಲೈನ್ ಸಣ್ಣ ತ್ರಿಜ್ಯದ ಪಾಯಿಂಟ್ 185 ಮಿಮೀ, ಒಂದರ ಹಿಂದೊಂದು ಎರಡಿಟ್ಟರೆ 370.

ಎಲ್ಲರೂ ಮರೆಯುವ ಅಳತೆ ಇನ್ನು ಮುಂದಿನದು. ಪಾಯಿಂಟ್ ಮುಗಿದ ಜಾಗದಿಂದಲೇ ಸೈಡಿಂಗ್ ಎಣಿಸುವಂತಿಲ್ಲ, ಏಕೆಂದರೆ ಅಲ್ಲಿ ಎರಡು ಹಳಿಗಳು ಇನ್ನೂ ಒತ್ತೊತ್ತಾಗಿವೆ. ಅಲ್ಲಿ ನಿಂತ ವ್ಯಾಗನ್‌ಗೆ ಪಕ್ಕದ ಹಳಿಯಲ್ಲಿ ಬರುವ ಎಂಜಿನ್ ತಾಕುತ್ತದೆ. ನಿಜವಾದ ನಿಲ್ದಾಣಗಳಲ್ಲಿ ಫೌಲಿಂಗ್ ಮಾರ್ಕ್ ಎಂಬ ಕಲ್ಲು ನೆಡುವುದು ಇದಕ್ಕೇ. ಈ ಪಾಯಿಂಟ್‌ಗಳ ಕೋನ 12 ಡಿಗ್ರಿ. ಹಳಿಗಳ ನಡುವೆ 50 ಮಿಮೀ ಅಂತರ ಬರಬೇಕಾದರೆ ಪಾಯಿಂಟ್‌ನ ಕೊನೆಯಿಂದ ಇನ್ನೂ ಸುಮಾರು 140 ಮಿಮೀ ಹೋಗಬೇಕು. ಅದಾದ ಮೇಲೆ ಐದು ವ್ಯಾಗನ್‌ಗೆ 500, ಸಡಿಲಕ್ಕೆ 40, ಕೊನೆಯ ತಡೆಗಟ್ಟೆಗೆ 20. ಎಲ್ಲ ಕೂಡಿದರೆ 1600 ಮಿಮೀ, ಅಂದರೆ ಐದೂಕಾಲು ಅಡಿ. ಅಗಲ 300 ಮಿಮೀ: ಮುಂದೆ 60, ಮೂರು ಹಳಿಗಳ ಹರವು 100, ಹಿಂದೆ ಗೂಡ್ಸ್ ಶೆಡ್ಡಿಗೂ ಬಯಲಿಗೂ 140.

ಗೋಡೆಯೇ ನಾಲ್ಕಡಿ ಇದ್ದರೆ? ಶಂಟಿಂಗ್ ನೆಕ್ಕನ್ನು ಬೇರೆ ಹಲಗೆಯ ಮೇಲೆ ಮಾಡಿ. ಆಡುವಾಗ ಸಿಕ್ಕಿಸಿ, ಆಮೇಲೆ ಕಳಚಿಡಬಹುದು. ಆಗ ಸದಾ ಗೋಡೆಯ ಮೇಲಿರುವ ಭಾಗ 1070 ಮಿಮೀ ಮಾತ್ರ. ಎರಡು ಹಲಗೆ ಕೂಡುವ ಕಡೆ ಹಾರ್ಡ್‌ವೇರ್ ಅಂಗಡಿಯ ಎರಡು ಹಿತ್ತಾಳೆ ಅಗುಳಿ ಹಾಕಿದರೆ ಹಳಿಗಳ ನೇರವನ್ನೂ ಅವೇ ಕಾಯುತ್ತವೆ, ಒಂದೊಂದು ಅಗುಳಿಗೆ ಒಂದೊಂದು ತಂತಿ ಬೆಸೆದರೆ ವಿದ್ಯುತ್ತನ್ನೂ ದಾಟಿಸುತ್ತವೆ. ಎನ್ ಸ್ಕೇಲ್‌ನಲ್ಲಾದರೆ ಇಡೀ ನಕ್ಷೆ ಮೂರಡಿ ಚಿಲ್ಲರೆಯಲ್ಲಿ ಮುಗಿಯುತ್ತದೆ. ಆದರೆ ಎನ್ ವ್ಯಾಗನ್‌ಗಳ ಕೊಂಡಿ ಬಿಡಿಸುವುದು ಕಷ್ಟದ ಕೆಲಸ. ಶಂಟಿಂಗ್ ಮಾಡುವ ಲೇಔಟ್‌ಗೆ ನಮ್ಮ ಆಯ್ಕೆ ಎಚ್‌ಒ.

ಶಂಟಿಂಗ್ ನೆಕ್‌ನ ಅಳತೆಯಲ್ಲಿ ಉದಾರತೆ ತೋರಬೇಡಿ. ಅಲ್ಲಿ ನಾಲ್ಕನೆಯ ವ್ಯಾಗನ್ ಹಿಡಿಸಿದರೆ ಒಗಟು ಸಡಿಲವಾಗುತ್ತದೆ. ಮೂರನೆಯದೇ ಪಾಯಿಂಟ್ ಮೇಲೆ ಉಳಿದರೆ ಆಟ ನಿಂತೇಹೋಗುತ್ತದೆ. ಮುಂದೆಂದೋ ಉದ್ದದ ಎಂಜಿನ್ ಕೊಂಡಾಗ ಆಗುವುದು ಇದೇ. ಹಾಗಾಗಿ ನಿಮ್ಮಲ್ಲಿರುವ, ಕೊಳ್ಳಲಿರುವ ಎಂಜಿನ್‌ಗಳಲ್ಲಿ ಅತಿ ಉದ್ದದ್ದನ್ನು ಹಿಡಿದೇ ಅಳೆಯಿರಿ. ಅಮೆರಿಕದ ಜಾನ್ ಅಲೆನ್ ರೂಪಿಸಿದ ಟೈಮ್‌ಸೇವರ್ ಎಂಬ ಐದು ಪಾಯಿಂಟ್‌ಗಳ ನಕ್ಷೆಯನ್ನೂ ಸಣ್ಣ ಜಾಗಕ್ಕೆ ಹಲವರು ಸೂಚಿಸುತ್ತಾರೆ. ಆಟವಾಗಿ ಅದು ಚುರುಕಾದದ್ದು, ಆದರೆ ಯಾವ ಊರಿನ ಸ್ಟೇಷನ್ನಿನಂತೆಯೂ ಕಾಣುವುದಿಲ್ಲ. ಐದು ಪಾಯಿಂಟ್‌ಗಳು ಅರ್ಧ ಹಲಗೆ ತಿಂದಮೇಲೆ ನೆಲ, ಮರ, ಶೆಡ್ಡಿಗೆ ಎಡೆಯೇ ಉಳಿಯುವುದಿಲ್ಲ.

ಕಾಲವನ್ನೂ ಈಗಲೇ ಆರಿಸಿಕೊಳ್ಳಿ. ಭಾರತೀಯ ರೈಲ್ವೆ ಬಿಡಿ ವ್ಯಾಗನ್‌ಗಳ ಸಾಗಣೆಯನ್ನು ಕೈಬಿಟ್ಟು ಇಡೀ ರೇಕನ್ನೇ ಒಂದು ಊರಿನಿಂದ ಇನ್ನೊಂದಕ್ಕೆ ಒಯ್ಯುವ ಪದ್ಧತಿಗೆ ಹೊರಳಿದ ಮೇಲೆ ಸಣ್ಣ ಸ್ಟೇಷನ್ನುಗಳ ಗೂಡ್ಸ್ ಶೆಡ್ ಸೈಡಿಂಗ್‌ಗಳು ಬಿಕೋ ಎಂದವು. ಒಂದೊಂದೇ ವ್ಯಾಗನ್ ಬಿಡಿಸಿ ಜೋಡಿಸುವ ಈ ಕೆಲಸ ಸಹಜವಾಗಿ ಕಾಣಬೇಕಾದರೆ ಲೇಔಟನ್ನು 1970ರ ದಶಕದಲ್ಲೋ ಅದಕ್ಕೂ ಹಿಂದೆಯೋ ನಿಲ್ಲಿಸಿ. ಗೊಬ್ಬರದ ಮೂಟೆ, ಸಿಮೆಂಟು, ಬೆಲ್ಲ, ಭತ್ತ ಒಂದೊಂದು ವ್ಯಾಗನ್‌ನಲ್ಲಿ ಬಂದು ಹೋಗುತ್ತಿದ್ದ ಕಾಲ ಅದು.

ಹಲಗೆ, ಹಳಿ, ತಂತಿ

ನಕ್ಷೆಯನ್ನು ಕಾಗದದ ಮೇಲೆ ನಿಜ ಅಳತೆಯಲ್ಲೇ ಹಾಸಿ. ಪೆಕೊ ತನ್ನ ಪಾಯಿಂಟ್‌ಗಳ ಪೂರ್ಣ ಅಳತೆಯ ನಮೂನೆಗಳನ್ನು ಮುದ್ರಿಸಿಕೊಳ್ಳಲು ಕೊಡುತ್ತದೆ. ಅವನ್ನು ನೆಲದ ಮೇಲೆ ಅಂಟಿಸಿ, ವ್ಯಾಗನ್‌ಗಳನ್ನು ಕೈಯಿಂದಲೇ ತಳ್ಳಿ ನಾಲ್ಕಾರು ಆಟ ಆಡಿ. ಎಕ್ಸ್‌ಟ್ರ್ಯಾಕ್‌ಕ್ಯಾಡ್‌ನಂಥ ಉಚಿತ ತಂತ್ರಾಂಶಗಳೂ ಇವೆ. ಆದರೆ ಪರದೆಯ ಮೇಲೆ ಎಲ್ಲವೂ ಹಿಡಿಸಿದಂತೆ ಕಾಣುತ್ತದೆ, ಬೆರಳು ತೂರಿಸಲು ಜಾಗ ಇದೆಯೇ ಎಂಬುದು ಅಲ್ಲಿ ತಿಳಿಯುವುದಿಲ್ಲ. ಎರಡು ವ್ಯಾಗನ್ ಸಾಲುಗಳ ನಡುವೆ ಬೆರಳು ಹೋಗದಿದ್ದರೆ ಅಂತರವನ್ನು 50ರಿಂದ 55 ಮಿಮೀಗೆ ಹೆಚ್ಚಿಸಿ. ಮೊದಲ ಅಳತೆಗಳನ್ನು ಆಗ ಮತ್ತೆ ಕೂಡಿ ನೋಡಬೇಕು, ಫೌಲಿಂಗ್ ಜಾಗವೂ 20–25 ಮಿಮೀ ಉದ್ದವಾಗುತ್ತದೆ.

ಹಲಗೆಗೆ 9 ಮಿಮೀ ಪ್ಲೈವುಡ್ ಸಾಕು, ಕೆಳಗೆ ಅದೇ ಪ್ಲೈನ 75 ಮಿಮೀ ಎತ್ತರದ ಪಟ್ಟಿಗಳ ಚೌಕಟ್ಟು, 350–400 ಮಿಮೀಗೊಂದು ಅಡ್ಡಪಟ್ಟಿ. ದಪ್ಪ ಹಲಗೆ ಒಂದನ್ನೇ ಬರಿದೆ ಇಟ್ಟರೆ ಒಂದು ಮಳೆಗಾಲಕ್ಕೇ ಬಾಗುತ್ತದೆ. ಪ್ಲೈ ಬಾಗುವುದು ಒಂದು ಮುಖ ಹೆಚ್ಚು ತೇವ ಹೀರಿದಾಗ. ಹಾಗಾಗಿ ಮೇಲೆ, ಕೆಳಗೆ, ಅಂಚಿಗೆ ಎಲ್ಲೆಡೆ ವಾರ್ನಿಷ್ ಅಥವಾ ಪ್ರೈಮರ್ ಬಳಿಯಬೇಕು. ಮಂಗಳೂರು, ಕಾರವಾರದ ಕಡೆಯವರು ಇದನ್ನು ಎರಡು ಸಲ ಮಾಡಿದರೂ ಹೆಚ್ಚಲ್ಲ. ಹಳಿಯಲ್ಲೂ ಅಷ್ಟೇ, ಉಪ್ಪುಗಾಳಿಗೆ ಉಕ್ಕಿನ ಹಳಿ ತುಕ್ಕು ಹಿಡಿಯುತ್ತದೆ, ನಿಕ್ಕಲ್ ಸಿಲ್ವರ್ ಹಳಿಯನ್ನೇ ಕೊಳ್ಳಿ. ಬಿಸಿಲಿಗೆ ಹಳಿ ಹಿಗ್ಗುವುದು ಕಡಿಮೆ: 1.6 ಮೀಟರ್ ನಿಕ್ಕಲ್ ಸಿಲ್ವರ್ 25 ಡಿಗ್ರಿ ವ್ಯತ್ಯಾಸಕ್ಕೆ ಮುಕ್ಕಾಲು ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ತೇವಕ್ಕೆ ಹಿಗ್ಗಿ ಒಣಗಿ ಕುಗ್ಗುವ ಮರದ ಪಾಲು ಅದಕ್ಕೂ ಸೇರಿಕೊಳ್ಳುತ್ತದೆ. ಎರಡು–ಮೂರು ಜೋಡಣೆಗಳಲ್ಲಿ ಅರ್ಧ ಮಿಮೀ ಬಿಟ್ಟಿದ್ದರೆ ಎರಡಕ್ಕೂ ಸಾಕು.

ಹಲಗೆಯ ಎತ್ತರ ನೆಲದಿಂದ 1.2–1.3 ಮೀಟರ್ ಇರಲಿ. ರೈಲನ್ನು ವಿಮಾನದಿಂದ ನೋಡುವುದಕ್ಕಿಂತ ಪ್ಲಾಟ್‌ಫಾರ್ಮ್‌ನಲ್ಲಿ ನಿಂತು ನೋಡುವುದು ಎಷ್ಟೋ ಮೇಲು. ಆ ಎತ್ತರದಲ್ಲಿ ಒಂದಡಿ ಅಗಲವೂ ಆಳವಾಗಿ ಕಾಣುತ್ತದೆ.

ಹಳಿಯ ಕೆಳಗೆ 3–5 ಮಿಮೀ ಕಾರ್ಕ್ ಹಾಸಿ. ಫೆವಿಕಾಲ್ ಒಣಗಿದ ಮೇಲೆ ಗಟ್ಟಿಯಾಗಿ ಮೋಟಾರಿನ ಗುಂಯ್‌ಗುಡುವಿಕೆಯನ್ನು ಹಲಗೆಗೆ ದಾಟಿಸುತ್ತದೆ, ಹಲಗೆ ಅದನ್ನು ಹಿಗ್ಗಿಸುತ್ತದೆ. ಮೆದುವಾಗಿ ಉಳಿಯುವ ಲ್ಯಾಟೆಕ್ಸ್ ಅಂಟು ಅಥವಾ ಅಕ್ರಿಲಿಕ್ ಸೀಲೆಂಟ್ ಇದಕ್ಕಿಂತ ಒಳ್ಳೆಯದು. ಜಲ್ಲಿ ಹಾಕುವಾಗ ಒಂದು ಪಾಲು ಫೆವಿಕಾಲ್‌ಗೆ ಎರಡು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪಿನ ದ್ರವ ಬೆರೆಸಿ ಹನಿಸಬೇಕು. ಸೋಪಿಲ್ಲದಿದ್ದರೆ ಹನಿ ಮೇಲೆಯೇ ಗುಂಡಾಗಿ ನಿಂತು ಜಲ್ಲಿಯನ್ನು ಹೊತ್ತುಕೊಂಡು ಉರುಳುತ್ತದೆ. ಪಾಯಿಂಟ್‌ನ ಚಲಿಸುವ ನಾಲಗೆಗಳ ಸುತ್ತ ಮಾತ್ರ ಜಲ್ಲಿ ಹಾಕುವುದೇ ಬೇಡ. ಅಲ್ಲಿ ಒಣಗಿದ ಅಂಟು ಪಾಯಿಂಟನ್ನು ಕೊಲ್ಲುತ್ತದೆ. ಆ ಜಾಗಕ್ಕೆ ಬಣ್ಣ ಬಳಿದರೆ ಸಾಕು.

ಇನ್ನು ವಿದ್ಯುತ್ತು. ಸಣ್ಣ ಲೇಔಟ್‌ನಲ್ಲಿ ಎಂಜಿನ್ ಸದಾ ನಿಧಾನಕ್ಕೆ ಓಡುವುದರಿಂದ ಸಂಪರ್ಕದ ಪ್ರತಿ ದೋಷವೂ ಎದ್ದು ಕಾಣುತ್ತದೆ. ವೇಗದಲ್ಲಿ ಜಿಗಿದು ದಾಟುವ ಕಡೆ ಇಲ್ಲಿ ಎಂಜಿನ್ ನಿಂತುಬಿಡುತ್ತದೆ. ಹಳಿ ಜೋಡಿಸುವ ಲೋಹದ ತುಣುಕುಗಳನ್ನು ಸಂಪರ್ಕಕ್ಕೆ ನಂಬಬೇಡಿ. ಪ್ರತಿ ಹಳಿ ತುಂಡಿಗೂ 0.5 ಚದರ ಮಿಮೀ ತಂತಿ ಬೆಸೆದು, ಹಲಗೆಯ ಕೆಳಗೆ ಓಡುವ 1 ಅಥವಾ 1.5 ಚದರ ಮಿಮೀನ ಕೆಂಪು–ಕಪ್ಪು ಜೋಡಿಗೆ ಸೇರಿಸಿ. ಪಾಯಿಂಟ್‌ನಲ್ಲಿ ಎರಡು ಹಳಿ ಕತ್ತರಿಸುವ ತುದಿಗೆ ಫ್ರಾಗ್ ಎನ್ನುತ್ತಾರೆ. ಅದು ಪ್ಲಾಸ್ಟಿಕ್ ಆಗಿದ್ದರೆ ಗಾಲಿಗಳು ಒತ್ತಾಗಿರುವ ಚಿಕ್ಕ ಶಂಟಿಂಗ್ ಎಂಜಿನ್ ಅಲ್ಲೇ ಸತ್ತು ನಿಲ್ಲುತ್ತದೆ. ಲೋಹದ ಫ್ರಾಗ್ ಇರುವ ಪಾಯಿಂಟ್ ಕೊಂಡು, ಅದಕ್ಕೆ ವಿದ್ಯುತ್ ಕೊಡಿ. ಪಾಯಿಂಟ್ ಯಾವ ಕಡೆ ತಿರುಗಿದೆಯೋ ಅದರಂತೆ ಫ್ರಾಗ್‌ನ ಧ್ರುವವೂ ಬದಲಾಗಬೇಕು. ಇದಕ್ಕೆ ದುಬಾರಿ ಮೋಟಾರು ಬೇಡ. ಹಲಗೆಯ ಕೆಳಗೆ ಒಂದು ಸ್ಲೈಡ್ ಸ್ವಿಚ್, ಅದರ ಗುಬುಟಿನಿಂದ ಪಾಯಿಂಟ್‌ಗೆ 1 ಮಿಮೀ ಉಕ್ಕಿನ ತಂತಿ, ಹಲಗೆಯ ಮುಂಭಾಗಕ್ಕೆ ಎಳೆಯುವ ಕಡ್ಡಿ. ಎಳೆದಾಗ ನಾಲಗೆ ಸರಿಯುತ್ತದೆ, ಅದೇ ಗಳಿಗೆ ಫ್ರಾಗ್‌ನ ವಿದ್ಯುತ್ತೂ ಬದಲಾಗುತ್ತದೆ. ಫ್ರಾಗ್‌ನಿಂದ ಆಚೆಗೆ ಹೋಗುವ ಎರಡೂ ಒಳಹಳಿಗಳಿಗೆ ಪ್ಲಾಸ್ಟಿಕ್ ಜೋಡಣೆ ಹಾಕುವುದನ್ನು ಮರೆತರೆ ಮೊದಲ ಸಲ ಪಾಯಿಂಟ್ ತಿರುಗಿಸಿದಾಗಲೇ ಶಾರ್ಟ್ ಆಗುತ್ತದೆ.

ಜಪಾನಿನಿಂದ ತರಿಸಿದ ಪವರ್ ಪ್ಯಾಕ್ 100 ವೋಲ್ಟಿನದ್ದು, ಅಮೆರಿಕದ್ದು 120. ನಮ್ಮ 230 ವೋಲ್ಟಿನ ಗೋಡೆಗೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಬಿಐಎಸ್ ನೋಂದಣಿ ಗುರುತಿರುವ 12 ವೋಲ್ಟ್ ಡಿಸಿ, 1–2 ಆಂಪಿಯರ್ ಅಡಾಪ್ಟರ್ ಮತ್ತು ಅದಕ್ಕೆ ಹೊಂದುವ ವೇಗ ನಿಯಂತ್ರಕ ಇದ್ದರೆ ಒಂದು ಎಂಜಿನ್‌ನ ಲೇಔಟ್‌ಗೆ ಧಾರಾಳ.

ಹಳಿ ತಪ್ಪುವ ವ್ಯಾಗನ್

ಎಳೆಯುವಾಗ ಸರಿಯಾಗಿ ಬರುವ ವ್ಯಾಗನ್ ಹಿಂದಕ್ಕೆ ತಳ್ಳುವಾಗ ಪಾಯಿಂಟ್ ಮೇಲೆ ಹಳಿ ತಪ್ಪುತ್ತಿದ್ದರೆ ಮೊದಲು ತೂಕ ನೋಡಿ. ಅಮೆರಿಕದ ಎನ್‌ಎಂಆರ್‌ಎ ಎಂಬ ಮಾಡೆಲ್ ರೈಲ್ವೆ ಸಂಘದ ಶಿಫಾರಸಿನಂತೆ ಎಚ್‌ಒ ವ್ಯಾಗನ್‌ಗೆ 1 ಔನ್ಸ್, ಜೊತೆಗೆ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್ ಇರಬೇಕು. 90 ಮಿಮೀ ವ್ಯಾಗನ್‌ಗೆ ಇದು ಸುಮಾರು 78 ಗ್ರಾಂ. ಕಡಿಮೆಯಿದ್ದರೆ ಒಳಗೆ ಉಕ್ಕಿನ ನಟ್ಟುಗಳನ್ನು ಗಾಲಿಗಳ ಮಟ್ಟಕ್ಕೆ ಹತ್ತಿರವಾಗಿ ಅಂಟಿಸಿ. ಆಮೇಲೆ ಗಾಲಿಗಳ ನಡುವಿನ ಅಂತರ, ಕೊಂಡಿಯ ಎತ್ತರ. ಎಂಟು ವ್ಯಾಗನ್‌ಗಳಿಗೂ ಒಂದೇ ಬಗೆಯ ಕೊಂಡಿ ಇರಬೇಕು. ಕೇಡಿ ಕಂಪನಿಯ ಆಯಸ್ಕಾಂತದ ಕೊಂಡಿ ಹಾಕಿದರೆ ಹಳಿಗಳ ನಡುವೆ ಇಟ್ಟ ಆಯಸ್ಕಾಂತದ ಮೇಲೆ ಕೈಮುಟ್ಟದೆ ಬಿಡಿಸಬಹುದು. ಆಯಸ್ಕಾಂತವನ್ನು ಮೂರೂ ಸೈಡಿಂಗ್‌ಗಳ ಬಾಯಲ್ಲಿ, ಫೌಲಿಂಗ್ ಮಾರ್ಕ್ ದಾಟಿದ ಕೂಡಲೇ ಇಡಿ. ಜಲ್ಲಿ ಹಾಕುವ ಮೊದಲೇ ಇದರ ಜಾಗ ಗುರುತಾಗಿರಬೇಕು.

ಕಣ್ಣಿಗೆ ದೊಡ್ಡದಾಗಿಸುವುದು

ಹಳಿಗಳನ್ನು ಹಲಗೆಯ ಅಂಚಿಗೆ ಸಮಾನಾಂತರವಾಗಿ ಇಡಬೇಡಿ. ಮೂರು–ನಾಲ್ಕು ಡಿಗ್ರಿ ಓರೆ ಮಾಡಿದರೂ ಅಂಚು ಎದ್ದು ಕಾಣುವುದು ನಿಲ್ಲುತ್ತದೆ. 1600 ಮಿಮೀ ಉದ್ದಕ್ಕೆ 3 ಡಿಗ್ರಿ ಓರೆ ಸುಮಾರು 85 ಮಿಮೀ ಅಗಲ ಬೇಡುತ್ತದೆ, ನಮ್ಮ 300ರಲ್ಲಿ ಅದು ಹೊಂದುತ್ತದೆ. ಹಿಂಬದಿಯ ಕಟ್ಟಡಗಳನ್ನು ಇಡಿಯಾಗಿ ಮಾಡದೆ 30–40 ಮಿಮೀ ದಪ್ಪದ ಮುಂಭಾಗವನ್ನಷ್ಟೇ ಹಿನ್ನೆಲೆಗೆ ಅಂಟಿಸಿ: ಅಕ್ಕಿ ಗಿರಣಿಯ ಗೋಡೆ, ಮಂಗಳೂರು ಹಂಚಿನ ಗೂಡ್ಸ್ ಶೆಡ್. ಹಿನ್ನೆಲೆಯ ಆಕಾಶಕ್ಕೆ ಕಡುನೀಲಿ ಬೇಡ. ದಿಗಂತದ ಹತ್ತಿರ ಬೆಳ್ಳಗೆ, ಮೇಲೆ ಹೋದಂತೆ ತೆಳುನೀಲಿ. ಶಂಟಿಂಗ್ ನೆಕ್ ಹಲಗೆಯಿಂದ ಹೊರಹೋಗುವ ತೂತನ್ನು ರಸ್ತೆ ಸೇತುವೆಯೊಂದು ಮುಚ್ಚಬೇಕು, ಸೇತುವೆ ಬೇಡವೆಂದರೆ ಒಂದು ಆಲದ ಮರ ಸಾಕು. ದೀಪಕ್ಕೆ 4000 ಕೆಲ್ವಿನ್ ಎಲ್‌ಇಡಿ ಪಟ್ಟಿಯನ್ನು ಲೇಔಟ್‌ನ ಮೇಲೆ ಛಾವಣಿಯಂತೆ ಹಾಕಿದ ಹಲಗೆಯ ಮುಂದಂಚಿನ ಒಳಬದಿಗೆ ಅಂಟಿಸಿ. ಹಿಂದಂಚಿಗೆ ಅಂಟಿಸಿದರೆ ವ್ಯಾಗನ್‌ಗಳ ನೆರಳು ನಿಮ್ಮ ಕಡೆಗೇ ಬೀಳುತ್ತದೆ, ಡಬ್ಬಿಯ ಮೇಲಿನ ಅಕ್ಷರ ಓದಲಾಗುವುದಿಲ್ಲ.

ಕೆಲಸದ ಕ್ರಮ ತಪ್ಪದಿರಲಿ: ಹಲಗೆ, ಹಳಿ, ತಂತಿ, ಆಮೇಲೆ ಬಣ್ಣವೂ ಜಲ್ಲಿಯೂ ಇಲ್ಲದ ಬರಿ ಹಳಿಯ ಮೇಲೆ ಕನಿಷ್ಠ ಎರಡು ವಾರ ಆಟ. ಎಂಜಿನ್ ನಿಲ್ಲುವ ಕಡೆಯಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಮಾಡುತ್ತ ಹೋಗಿ. ಒಂದೇ ಜಾಗದಲ್ಲಿ ಮೂರು ಗುರುತು ಬಿದ್ದರೆ ಅಲ್ಲಿನ ಹಳಿ ಎತ್ತಿ ಮತ್ತೆ ಹಾಕಿ. ಜಲ್ಲಿ ಅಂಟಿದ ಮೇಲೆ ಅದೇ ದುರಸ್ತಿಗೆ ಹಳಿಯನ್ನು ಒಡೆದೇ ತೆಗೆಯಬೇಕಾಗುತ್ತದೆ.